ಕೆಂಡಣ್ಣ ಸೋತ ಭಾನುವಾರ

ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ, ಸೈಕಲ್ ರಿಪೇರಿಯವನ ಅಂಗಡಿಗೂ ಗಾಜು ಕತ್ತರಿಸುವವನ ಮಳಿಗೆಗೂ ನಡುವೆ, ತಗಡಿನ ಚಾವಣಿಯ ಒಂದು ಶೆಡ್ ಇದೆ. ಮುಂದಿನ ಬೋರ್ಡಿನಲ್ಲಿ ‘ಕೆಂಡಣ್ಣ ಗ್ರಿಲ್ ವರ್ಕ್ಸ್’ ಎಂದು ಬರೆದಿದೆ. ಒಳಗೆ ಕೆಲಸ ಮಾಡುವ ವೆಲ್ಡರನ ಹೆಸರೇ ಕೆಂಡಣ್ಣ ಎಂದು ಬೀದಿಯ ಅರ್ಧ ಜನ ನಂಬಿದ್ದಾರೆ. ಇನ್ನರ್ಧ ಜನ ಅದು ಅವನ ಅಪ್ಪನದೋ ತಾತನದೋ ಹೆಸರಿರಬೇಕು ಅಂದುಕೊಂಡಿದ್ದಾರೆ. ಎರಡೂ ಸುಳ್ಳು. ಕೆಂಡಣ್ಣ ಒಬ್ಬ ಸೂಪರ್‌ಹೀರೋ.

ನಲವತ್ತಾರು ವರ್ಷದ ಗಂಡಸು, ಕಾಲೇಜಿಗೆ ಹೋಗುವ ಮಗಳ ಅಪ್ಪ, ಅಂಗಡಿಗೆ ಚಿತ್ರಕಥೆಯ ಹೀರೋ ಹೆಸರಿಡುತ್ತಾನೆಯೇ ಎಂದು ನಗುವವರು ನಗಬಹುದು. ಅವನ ಹೆಂಡತಿ ಮದುವೆಯಾದ ಹೊಸದರಲ್ಲಿ ಚೆನ್ನಾಗಿಯೇ ನಕ್ಕಿದ್ದಳು. ಆಮೇಲೆ ಆ ಹೆಸರಿನ ಹಿಂದಿನ ಕಥೆ ಕೇಳಿ ನಗುವುದನ್ನು ಬಿಟ್ಟಳು. ನಾನೂ ಆ ಕಥೆಯಿಂದಲೇ ಶುರು ಮಾಡುತ್ತೇನೆ, ಅದು ಗೊತ್ತಿಲ್ಲದೆ ಮುಂದಿನದಕ್ಕೆ ತಲೆಯೂ ಇಲ್ಲ ಬಾಲವೂ ಇಲ್ಲ.

ವೆಲ್ಡರನ ಅಪ್ಪ ಅಮ್ಮ ಕಾಗದದ ಚೀಲ ಮಾಡಿ ಅಂಗಡಿಗಳಿಗೆ ಕೊಡುತ್ತಿದ್ದರು. ಹಳೆಯ ಕಾಗದ ಮೂಟೆಗಟ್ಟಲೆ ಮನೆಗೆ ಬರುತ್ತಿತ್ತು. ಅಪ್ಪ ಅಳತೆಗೆ ಕತ್ತರಿಸುತ್ತಿದ್ದ, ಅಮ್ಮ ಮಡಚಿ ಅಂಟಿಸುತ್ತಿದ್ದಳು. ಅಂಟು ಮನೆಯಲ್ಲೇ ಮಾಡಿದ್ದು, ಮೈದಾ ಹಿಟ್ಟನ್ನು ನೀರಿಗೆ ಕಲಸಿ ಕುದಿಸಿ ಗಟ್ಟಿ ಮಾಡಿದ್ದು. ಹುಡುಗನಿಗೆ ಐದು ವರ್ಷವಾಗಿದ್ದಾಗ ಒಂದು ಬೆಳಿಗ್ಗೆ ಒಲೆಯ ಮೇಲಿದ್ದ ಆ ಪಾತ್ರೆಯ ಹಿಡಿಗೆ ಕೈ ಹಾಕಿ ಎಳೆದ. ಕುದಿಯುವ ನೀರಾದರೆ ಹರಿದು ಕೆಳಗಿಳಿಯುತ್ತದೆ. ಅಂಟು ಬಿದ್ದಲ್ಲೇ ಕೂರುತ್ತದೆ. ಎಡಗೆನ್ನೆ, ಎಡಗಿವಿ, ಕತ್ತಿನ ಒಂದು ಪಕ್ಕ ಸುಟ್ಟುಹೋದವು. ಕಣ್ಣು ಉಳಿದದ್ದೇ ಪುಣ್ಯ.

ಗಾಯ ಒಣಗಿತು, ಹುಡುಗ ಮಾತ್ರ ಹೊರಗೆ ಬರಲಿಲ್ಲ. ಯಾರಾದರೂ ಬಾಗಿಲು ತಟ್ಟಿದರೆ ಕಾಗದದ ಮೂಟೆಗಳ ಸಂದಿಯಲ್ಲಿ ಸೇರಿಕೊಳ್ಳುತ್ತಿದ್ದ. ಮನೆಯೊಳಗೂ ಅಮ್ಮನ ಹಳೆಯ ಬಟ್ಟೆಯ ತುಂಡೊಂದನ್ನು ಮುಖಕ್ಕೆ ಸುತ್ತಿಕೊಂಡೇ ಇರುತ್ತಿದ್ದ. ಬೇರೆ ಹುಡುಗರು ಒಂದನೇ ಕ್ಲಾಸು ಮುಗಿಸಿದರೂ ಇವನು ಶಾಲೆಯ ಮುಖ ನೋಡಲಿಲ್ಲ. ಅಪ್ಪ ಗದರಿದ, ಅಮ್ಮ ಅತ್ತಳು, ಎರಡರಿಂದಲೂ ಏನೂ ಆಗಲಿಲ್ಲ.

ಆಗುವಂತೆ ಮಾಡಿದವಳು ಅಕ್ಕ. ಅವಳಿಗೆ ಆಗ ಹನ್ನೆರಡು. ಮೂಟೆಗಳಲ್ಲಿ ಒಮ್ಮೊಮ್ಮೆ ದೂರದ ದೇಶದ ಬಣ್ಣದ ಚಿತ್ರಪುಸ್ತಕಗಳು ಬರುತ್ತಿದ್ದವು. ಹೊಳಪಿನ ಕಾಗದಕ್ಕೆ ಅಂಟು ಹಿಡಿಯುವುದಿಲ್ಲ, ಹಾಗಾಗಿ ಚೀಲಕ್ಕೆ ಬಾರದ ಅವನ್ನು ಅಪ್ಪ ಮೂಲೆಗೆ ಎಸೆಯುತ್ತಿದ್ದ. ಅವುಗಳ ಲಿಪಿ ಮನೆಯಲ್ಲಿ ಯಾರಿಗೂ ಬರುತ್ತಿರಲಿಲ್ಲ. ಅಕ್ಕ ತನಗೆ ಬರುತ್ತದೆ, ಶಾಲೆಯಲ್ಲಿ ಹೇಳಿಕೊಡುತ್ತಾರೆ ಎಂದಳು. ಆರು ವರ್ಷದ ತಮ್ಮನಿಗೆ ಅಕ್ಕ ಹೇಳಿದ್ದೇ ವೇದವಾಕ್ಯ.

ಒಂದು ಸಂಜೆ ಅವಳು ಅಂಥ ಒಂದು ಪುಸ್ತಕ ತಂದು ಅವನ ತೊಡೆಯ ಮೇಲಿಟ್ಟಳು. ಮುಖಪುಟದ ಮೇಲೊಂದು ಗುರುತು, ವೃತ್ತದೊಳಗೆ ಒಂದು ಕಡೆ ರೆಕ್ಕೆ, ಇನ್ನೊಂದು ಕಡೆ ಜ್ವಾಲೆ. ಕೆಳಗೆ ಇಬ್ಬರು ಎದುರುಬದುರು ನಿಂತಿದ್ದರು. ಒಬ್ಬನಿಗೆ ಬಿಳಿ ಉಡುಪು, ಬಾಚಿದ ತಲೆ, ಚಂದದ ಮುಖ. ಇನ್ನೊಬ್ಬನ ಅಂಗೈಯಲ್ಲಿ ಬೆಂಕಿ, ಎಡಗೆನ್ನೆ ಪೂರ್ತಿ ಸುಟ್ಟಿತ್ತು. ಹುಡುಗ ಅದನ್ನೇ ನೋಡುತ್ತ ಕೂತ. ಅಕ್ಕ ಸುಟ್ಟ ಮುಖದವನ ಮೇಲೆ ಬೆರಳಿಟ್ಟು, ಇವನೇ ಕೆಂಡಣ್ಣ, ಈ ಕಥೆಯ ನಾಯಕ ಎಂದಳು. ಬಿಳಿ ಬಟ್ಟೆಯವನು ಹಾಲುಮುಖ; ನೋಡಲು ಚಂದ, ಒಳಗೆಲ್ಲ ವಿಷ.

ಹಾಗೆ ಒಂಬತ್ತು ಪುಸ್ತಕ ಓದಿದಳು. ಎಲ್ಲೆಲ್ಲಿ ಜನ ಬೆಂಕಿಗೆ ಸಿಕ್ಕಿಕೊಳ್ಳುತ್ತಾರೋ ಅಲ್ಲಿಗೆ ಕೆಂಡಣ್ಣ ಹೋಗುತ್ತಾನೆ. ಬೆಂಕಿ ಅವನನ್ನು ಒಮ್ಮೆ ಮುಟ್ಟಿಯಾಗಿದೆ, ಪರಿಚಯದವನನ್ನು ಅದು ಮತ್ತೆ ಸುಡುವುದಿಲ್ಲ. ಊರಿನವರು ಮಾತ್ರ ಹಾಲುಮುಖನ ಚಂದಕ್ಕೆ ಮರುಳಾಗಿ ಅವನಿಗೇ ಜೈಕಾರ ಹಾಕುತ್ತಾರೆ. ಏಳನೆಯ ಪುಸ್ತಕದಲ್ಲಿ ಉರಿಯುವ ಸೇತುವೆಯ ಕಥೆ. ಎರಡೂ ದಡದಲ್ಲಿ ಊರೇ ನೆರೆದು ನೋಡುತ್ತಿದೆ, ಕೆಂಡಣ್ಣ ಒಂದು ಕೈಯಲ್ಲಿ ಮುದುಕಿಯನ್ನೂ ಇನ್ನೊಂದರಲ್ಲಿ ಅವಳ ಬೆಕ್ಕನ್ನೂ ಎತ್ತಿಕೊಂಡು ಬರುತ್ತಾನೆ. ಕೈ ಎರಡೂ ತುಂಬಿವೆ, ಮುಖ ಮುಚ್ಚಿಕೊಳ್ಳಲು ಆಗುವುದಿಲ್ಲ. ನೋಡುವವರು ನೋಡಲಿ ಎಂದು ಹಾಗೆಯೇ ನಡೆದುಬರುತ್ತಾನೆ. ಈ ಕಥೆಯನ್ನು ಹುಡುಗ ಎಷ್ಟು ಸಲ ಹೇಳಿಸಿಕೊಂಡನೋ ಲೆಕ್ಕವಿಲ್ಲ. ಒಂಬತ್ತರಲ್ಲೂ ಕೊನೆಯ ಎರಡು ಹಾಳೆ ಹರಿದುಹೋಗಿದ್ದವು. ರದ್ದಿ ಎಂದ ಮೇಲೆ ಹರಿದಿರುವುದೇ, ಕೊನೆಯನ್ನು ಅಕ್ಕ ಬಾಯಲ್ಲೇ ಹೇಳುತ್ತಿದ್ದಳು.

ಎಂಟು ತಿಂಗಳಲ್ಲಿ ಹುಡುಗ ಮುಖದ ಬಟ್ಟೆ ಬಿಚ್ಚಿಟ್ಟು ಒಬ್ಬನೇ ಮೂಲೆಯ ಅಂಗಡಿಗೆ ಹೋಗಿಬಂದ. ಮುಂದಿನ ವರ್ಷ ಶಾಲೆಗೆ ಸೇರಿದ. ಅಣಕಿಸಿದವರನ್ನು ನೋಡಿ ಅವನಿಗೆ ಒಳಗೊಳಗೇ ಕನಿಕರವಾಗುತ್ತಿತ್ತು: ಪಾಪ, ಇವರಿಗೆ ಕೆಂಡಣ್ಣ ಗೊತ್ತಿಲ್ಲ. ಕೆಲಸ ಕಲಿಯುವ ವಯಸ್ಸು ಬಂದಾಗ ಬೆಂಕಿಯ ಕೆಲಸವನ್ನೇ ಹುಡುಕಿಕೊಂಡು ಹೋದ. ಇಪ್ಪತ್ತೈದು ವರ್ಷದಿಂದ ಕಿಟಕಿಗಳಿಗೆ ಗ್ರಿಲ್, ಕಾಂಪೌಂಡಿಗೆ ಗೇಟು, ಮಹಡಿಗೆ ಮೆಟ್ಟಿಲು ಮಾಡಿಕೊಡುತ್ತಿದ್ದಾನೆ. ಅವನು ಹಾಕಿದ ಬೆಸುಗೆಯನ್ನು ಸುತ್ತಿಗೆಯಿಂದ ಕುಟ್ಟಿ ಚಕ್ಕೆ ಉದುರಿಸಿದರೆ ಒಳಗೆ ಒಂದೇ ಸಮನಾದ ಗೆರೆ ಕಾಣುತ್ತದೆ. ಆ ನಲವತ್ತು ವರ್ಷದಲ್ಲಿ ಒಂದು ದಿನವೂ ಅವನು ಬೀದಿಯಲ್ಲಿ ಮುಖ ಮುಚ್ಚಿಕೊಂಡು ನಡೆದದ್ದಿಲ್ಲ. ಬೆಸುಗೆ ಹಾಕುವಾಗ ಹಿಡಿಯುವ ಕಪ್ಪು ಗಾಜಿನ ಶೀಲ್ಡನ್ನೂ ಕಿಡಿ ನಿಂತ ಕೂಡಲೇ ಕೆಳಗಿಡುತ್ತಿದ್ದ.

ಇಂಥವನಿಗೆ ಆ ಪುಸ್ತಕ ಸಿನಿಮಾ ಆಗುತ್ತಿದೆ ಎಂದು ತಿಳಿದರೆ ಹೇಗಾಗಬೇಡ? ಪೇಪರಿನಲ್ಲಿ ಆ ರೆಕ್ಕೆ-ಜ್ವಾಲೆಯ ಗುರುತಿನೊಂದಿಗೆ ಮೊದಲ ಸುದ್ದಿ ಬಂದದ್ದು ಹನ್ನೊಂದು ವರ್ಷದ ಹಿಂದೆ. ಆಮೇಲೆ ನಿಂತಿತು. ಮತ್ತೆ ಶುರುವಾಯಿತು, ನಟ ಬಿಟ್ಟುಹೋದ, ಸೆಟ್ಟಿಗೆ ಬೆಂಕಿ ಬಿತ್ತು, ಮತ್ತೆ ನಿಂತಿತು. ಶೆಡ್ಡಿನಲ್ಲಿ ಗ್ರಿಲ್‌ಗಳಿಗೆ ರೆಡ್ ಆಕ್ಸೈಡ್ ಬಳಿಯುವ ಪೇಂಟರು, ಅಣ್ಣನ ಸಿನಿಮಾ ಬರುವುದರೊಳಗೆ ಈ ಗೇಟು ತುಕ್ಕು ಹಿಡಿದು ಗುಜರಿಗೆ ಹೋಗಿರುತ್ತದೆ ಎಂದು ಪ್ರತಿ ಗೇಟಿಗೂ ಹೇಳುತ್ತಿದ್ದ. ಕೊನೆಗೆ ಈ ವರ್ಷ ಬಸ್ ನಿಲ್ದಾಣದ ಗೋಡೆಗೆ ಪೋಸ್ಟರ್ ಬಂತು. ಅದೇ ವೃತ್ತ, ಅದೇ ರೆಕ್ಕೆ, ಅದೇ ಜ್ವಾಲೆ. ಒಂದು ಕಡೆ ಹಾಲುಮುಖನ ಅರ್ಧ ಮುಖ, ಇನ್ನೊಂದು ಕಡೆ ಕೆಂಡಣ್ಣನ ಸುಟ್ಟ ಅರ್ಧ. ನಮ್ಮ ಭಾಷೆಗೂ ಡಬ್ ಮಾಡಿದ್ದರು. ವೆಲ್ಡರ್ ಅದರ ಮುಂದೆ ಎರಡು ಬಸ್ಸು ಬಿಟ್ಟು ನಿಂತಿದ್ದ.

ಮಗಳು ಫೋನಿನಲ್ಲಿ ಅದರ ಬಗ್ಗೆ ಓದಲು ಹೊರಟರೆ ಕೈಮುಗಿದು ತಡೆದ. ಪರದೆಯ ಮೇಲೆ ನೋಡುವವರೆಗೂ ಒಂದು ಮಾತು ಕಿವಿಗೆ ಬೀಳಬಾರದು, ಕಥೆ ಹೇಳಿದವರನ್ನು ಮನೆಗೆ ಸೇರಿಸುವುದಿಲ್ಲ ಎಂದು ಕಟ್ಟಪ್ಪಣೆ ಮಾಡಿದ. ಅವಳೂ ಕೆಂಡಣ್ಣನ ಕಥೆ ಕೇಳಿಯೇ ಬೆಳೆದವಳು, ಫೋನು ಪಕ್ಕಕ್ಕಿಟ್ಟಳು.

ಎಡವಟ್ಟಾದದ್ದು ಅಕ್ಕನಿಂದ. ಎಂದಾದರೂ ಸಿನಿಮಾ ಬಂದರೆ ಇಬ್ಬರೂ ಒಟ್ಟಿಗೇ ನೋಡುವುದೆಂದು ಹನ್ನೊಂದು ವರ್ಷದಿಂದ ಮಾತಾಗಿತ್ತು. ಅವಳಿಗೆ ಈಗ ಐವತ್ತೆರಡು, ಮೂರು ಸ್ಟಾಪಿನಾಚೆಯ ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸುವ ಕೆಲಸ. ತಾರೀಖು ಹತ್ತಿರ ಬಂದ ಹಾಗೆ ಅವಳಿಗೆ ನೆಪಗಳೂ ಬಂದವು. ಮೊದಲು ಮಂಡಿನೋವು. ಆಮೇಲೆ ಕಚೇರಿಯಲ್ಲಿ ರಜೆಯಿಲ್ಲ. ಶುಕ್ರವಾರ ಸಿನಿಮಾ ಬಂತು. ಶನಿವಾರ ಫೋನು ಮಾಡಿದರೆ, ಅದೇನೂ ಚೆನ್ನಾಗಿಲ್ಲವಂತೆ, ಸುಮ್ಮನೆ ಯಾಕೆ ಹೋಗುತ್ತೀಯ ಎಂದಳು. ಮದುವೆಯೂಟಕ್ಕೆ ಕರೆದು ಎಲೆ ಎತ್ತಿದಂತಾಯಿತು ವೆಲ್ಡರನಿಗೆ. ಬಾರದಿದ್ದರೆ ಬಿಡು ಎಂದು ಫೋನು ಇಟ್ಟು, ಭಾನುವಾರ ಬೆಳಗಿನ ಆಟಕ್ಕೆ ಮಗಳನ್ನು ಕರೆದುಕೊಂಡು ಹೋದ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡಿದ್ದ. ಹೆಣ್ಣು ನೋಡಲು ಬಂದ ದಿನವೂ ಇಷ್ಟು ನೀಟಾಗಿರಲಿಲ್ಲವಲ್ಲ ಎಂದು ಹೆಂಡತಿ ಬಾಗಿಲಲ್ಲಿ ನಿಂತು ಅಣಕಿಸಿದಳು.

ಸಿನಿಮಾ ಶುರುವಾಯಿತು. ಕೆಂಡಣ್ಣ ಹೊಗೆಯೊಳಗಿಂದ ನಡೆದುಬಂದಾಗ ವೆಲ್ಡರ್ ಮಗಳ ಮೊಣಕೈಯನ್ನು ನೋವಾಗುವಷ್ಟು ಹಿಡಿದುಕೊಂಡ. ಅದೇ ನಡಿಗೆ! ಆತುರವಿಲ್ಲದ, ಬೆಂಕಿಯನ್ನು ಬಲ್ಲವನ ನಡಿಗೆ. ಆದರೆ ಥಿಯೇಟರಿನಲ್ಲಿ ಒಂದು ಸದ್ದಿಲ್ಲ. ಸ್ವಲ್ಪ ಹೊತ್ತಿಗೆ ಹಾಲುಮುಖ ಮಹಡಿಯ ತುದಿಯಲ್ಲಿ ಬಂದು ನಿಂತ, ಸಂಗೀತ ಏರಿತು, ಜನ ಎದ್ದು ಶಿಳ್ಳೆ ಹಾಕಿದರು. ವೆಲ್ಡರ್ ಮನಸ್ಸಿನಲ್ಲೇ ನಕ್ಕ. ಕಥೆಯಲ್ಲೂ ಹೀಗೆಯೇ, ಊರೆಲ್ಲ ಇವನ ಚಂದಕ್ಕೇ ಮರುಳಾಗುತ್ತದೆ. ತಡೀರಿ ಮಕ್ಕಳಾ, ಇನ್ನೂ ಬಣ್ಣ ಬಯಲಾಗಬೇಕು ಎಂದುಕೊಂಡ. ಮಧ್ಯಂತರದವರೆಗೂ ಅದೇ ಧೈರ್ಯದಲ್ಲಿ ಕೂತಿದ್ದ.

ಮಧ್ಯಂತರದ ನಂತರ ಮಕ್ಕಳಿದ್ದ ಒಂದು ಶಾಲೆಗೆ ಬೆಂಕಿ ಬಿತ್ತು. ಬೆಂಕಿ ಇಟ್ಟ ಕೈಯನ್ನು ಮೊದಲು ತೋರಿಸಿದರು, ನಿಧಾನವಾಗಿ ಭುಜ ತೋರಿಸಿದರು, ಆಮೇಲೆ ಮುಖ. ಸುಟ್ಟ ಎಡಗೆನ್ನೆ. ವೆಲ್ಡರ್ ಕಣ್ಣುಜ್ಜಿಕೊಂಡು ಮತ್ತೆ ನೋಡಿದ. ಕೆಂಡಣ್ಣ ಶಾಲೆಯ ಬಾಗಿಲಿಗೆ ಹೊರಗಿನಿಂದ ಬೆಸುಗೆ ಹಾಕುತ್ತಿದ್ದ, ಒಳಗೆ ಮಕ್ಕಳು ಕಿರುಚುತ್ತಿದ್ದರು.

ಅಭಿಮಾನಿ ಎಂದರೆ ಇವನೇ ಅಭಿಮಾನಿ. ಆ ಗಳಿಗೆಯಲ್ಲೂ ಅವನು ಕೆಂಡಣ್ಣನನ್ನು ಬಿಟ್ಟುಕೊಡಲಿಲ್ಲ. ಇದು ಹಾಲುಮುಖನ ಆಟ, ಅವನೇ ಸುಟ್ಟ ಮುಖದ ಮುಖವಾಡ ಹಾಕಿಕೊಂಡು ಬಂದಿದ್ದಾನೆ, ಇನ್ನೇನು ಕಳಚುತ್ತಾನೆ ಎಂದು ಕಾದ. ಒಂದು ಗಂಟೆ ಕಾದ. ಕಳಚಲಿಲ್ಲ. ಕೊನೆಗೆ ಬಿಳಿ ಉಡುಪಿನವನು ಮಕ್ಕಳನ್ನೆಲ್ಲ ಉಳಿಸಿ, ಸುಟ್ಟ ಮುಖದವನನ್ನು ಎತ್ತಿ ಕುಲುಮೆಯೊಳಗೆ ಎಸೆದ. ನಾನೂರು ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ವೆಲ್ಡರ್ ಗರ ಬಡಿದವನಂತೆ ಕೂತೇ ಇದ್ದ. ಅವನ ಕೈಯಲ್ಲಿ ಕಡಲೆಕಾಯಿ ಪೊಟ್ಟಣವೊಂದು ಮುದ್ದೆಯಾಗಿತ್ತು.

ದೀಪ ಹತ್ತಿದವು. ಮುಂದಿನ ಸಾಲಿನಲ್ಲಿ ಅಪ್ಪನ ಹೆಗಲ ಮೇಲಿದ್ದ ನಾಲ್ಕು ವರ್ಷದ ಒಂದು ಹೆಣ್ಣುಮಗು ಹಿಂದಕ್ಕೆ ತಿರುಗಿ ಇವನನ್ನು ಕಂಡಿತು. ಬಾಯಿ ತೆರೆದುಕೊಂಡು ನೋಡಿತು. ಆಮೇಲೆ ಅಪ್ಪನ ಕೂದಲು ಹಿಡಿದು ಜಗ್ಗಿತು.

“ಅಪ್ಪಾ, ಅವನು ಸತ್ತಿಲ್ಲ. ಇಲ್ಲೇ ಇದಾನೆ.”

ಸುತ್ತಲಿನ ಹತ್ತು ಜನ ತಿರುಗಿ ನೋಡಿದರು. ಮಗುವಿನ ಅಪ್ಪ ನೋಡಿ, ತಕ್ಷಣ ಕಣ್ಣು ಕೆಳಗೆ ಹಾಕಿ, ಮಗುವನ್ನು ಇಳಿಸಿಕೊಂಡು ಸರಸರನೆ ಹೋಗಿಬಿಟ್ಟ. ಆ ಮನುಷ್ಯನದಾಗಲಿ ಮಗುವಿನದಾಗಲಿ ತಪ್ಪೇನಿಲ್ಲ. ಮೂರು ಗಂಟೆ ಕೂರಿಸಿ ಅಷ್ಟು ದೊಡ್ಡ ಪರದೆಯ ಮೇಲೆ ಕಲಿಸಿದ ಪಾಠವನ್ನು ಮಗು ಒಪ್ಪಿಸಿತು ಅಷ್ಟೆ. ಮೆಟ್ಟಿಲಿಳಿಯುವಾಗ ವೆಲ್ಡರ್ ಜೇಬಿನಿಂದ ಕರವಸ್ತ್ರ ತೆಗೆದು ಮೂಗಿನಿಂದ ಕೆಳಗೆ ಕಟ್ಟಿಕೊಂಡ. ನಲವತ್ತು ವರ್ಷದಲ್ಲಿ ಮೊದಲ ಸಲ. ಮಗಳು ನೋಡಿದಳು. ಬಸ್ಸಿನಲ್ಲಿ ಕೂತ ಮೇಲೆ ಅವಳು ತುಂಬ ಮೆಲ್ಲಗೆ, ಆ ಕಥೆಯಲ್ಲಿ ಅವನು ಮೊದಲಿನಿಂದಲೂ ವಿಲನ್ನೇ ಅಂತೆ ಎಂದು ಹೇಳಿದಳು. ಮಧ್ಯಂತರದಲ್ಲಿ ಅವಳು ಫೋನು ನೋಡಿದ್ದಳು.

ಸೋಮವಾರ ಪೇಂಟರು ಬ್ರಷ್ಷನ್ನು ಡಬ್ಬಿಯಲ್ಲೇ ಬಿಟ್ಟು ಓಡಿಬಂದ, ಸಿನಿಮಾ ಹೇಗಿತ್ತು ಎಂದು ಕೇಳಲು. ವೆಲ್ಡರನದು ಅಡ್ಡಗೋಡೆಯ ಮೇಲೆ ದೀಪ ಇಟ್ಟಂಥ ಉತ್ತರ. ಹಾರುವುದೆಲ್ಲ ಚೆನ್ನಾಗಿದೆ, ಹೊಟ್ಟೆಯೊಳಗೆ ಗಾಳಿ ಹೊಕ್ಕಂತಾಗುತ್ತದೆ. ಸೌಂಡಿಗೆ ಕುರ್ಚಿ ನಡುಗುತ್ತದೆ. ಸುಟ್ಟ ಮುಖದ ನಟ ಕೆಲಸ ಬಲ್ಲವನು, ಅವನ ಮುಂದೆ ಆ ಬಿಳಿ ಬಟ್ಟೆಯವನು ಗೊಂಬೆ. ವೆಲ್ಡಿಂಗ್ ಮಾತ್ರ ಶುದ್ಧ ಸುಳ್ಳು. ಕೈಯಲ್ಲಿ ರಾಡಿಲ್ಲ, ಕಣ್ಣಿಗೆ ಗಾಜಿಲ್ಲ, ಹಾಗೆ ಮಾಡಿದರೆ ಎರಡು ದಿನ ಕಣ್ಣಿಗೆ ಮರಳು ಸುರಿದಂತಾಗಿ ಮಲಗಬೇಕಾಗುತ್ತದೆ. ಸೇತುವೆಯ ಕಥೆ ಇಡೀ ಸಿನಿಮಾದಲ್ಲಿ ಇಲ್ಲವೇ ಇಲ್ಲ. ಕಥೆಯನ್ನೂ ಸ್ವಲ್ಪ ಬದಲಾಯಿಸಿದ್ದಾರೆ. ಹಾಗಾದರೆ ನೋಡಬಹುದೋ ಬೇಡವೋ ಎಂದು ಪೇಂಟರು ಕೇಳಿದ್ದಕ್ಕೆ, ನೋಡು, ನೋಡಬೇಡ ಎಂದ.

ಕರವಸ್ತ್ರ ಯಾಕೆ ಎಂದರೆ ಧೂಳು ಎಂದ. ಇಪ್ಪತ್ತೈದು ವರ್ಷ ಇಲ್ಲದ ಧೂಳು ಆ ವಾರ ಬಂದಿತ್ತು. ಅಳತೆ ತೆಗೆಯುವಾಗಲೂ ಶೀಲ್ಡ್ ಮುಖದ ಮುಂದೆಯೇ ಇರುತ್ತಿತ್ತು. ಮಂಗಳವಾರ ಗೇಟಿನ ವಿಚಾರ ಮಾತಾಡಲು ಬಂದ ಹೆಂಗಸಿನ ಜೊತೆ ಮಗುವಿರುವುದನ್ನು ಕಂಡು ಒಳಕೋಣೆಗೆ ಹೋಗಿ ನಿಂತ, ಪೇಂಟರೇ ಮಾತಾಡಿ ಕಳಿಸಬೇಕಾಯಿತು. ರಾತ್ರಿಯ ಊಟವನ್ನು ಗೋಡೆಯ ಕಡೆ ತಿರುಗಿ ಮಾಡುತ್ತಾನೆಂದು ಹೆಂಡತಿ ಪೇಂಟರಿಗೆ ಫೋನು ಮಾಡಿ ಅತ್ತಳು. ಪೇಂಟರು ಬಾಯಿಬಡುಕನಾದರೂ ದಡ್ಡನಲ್ಲ. ಅಂಚೆ ಕಚೇರಿಗೆ ಫೋನು ಮಾಡಿ ಇದ್ದದ್ದನ್ನು ಇದ್ದ ಹಾಗೆ ಹೇಳಿದ.

ಬುಧವಾರ ಮಧ್ಯಾಹ್ನ ಅಕ್ಕ ಬಂದಳು. ಊಟದ ಡಬ್ಬಿಯ ಚೀಲ ಇನ್ನೂ ತೋಳಿನಲ್ಲೇ ಇತ್ತು, ಬೆರಳ ತುದಿಗೆ ಅಂಚೆಯ ಮಸಿ ಹತ್ತಿತ್ತು. ಪೇಂಟರು ಬೀಡಿಯ ನೆಪ ಹೇಳಿ ಹೊರಗೆ ಹೋದ. ಅಕ್ಕ ಕಬ್ಬಿಣದ ಪಟ್ಟಿಗಳ ರಾಶಿಯ ಮೇಲೆ ಕೂತು, ತಮ್ಮನ ಕರವಸ್ತ್ರವನ್ನು ಸ್ವಲ್ಪ ಹೊತ್ತು ನೋಡಿದಳು.

“ಹೋಗಬೇಡ ಅಂದೆ ತಾನೆ.”

ವೆಲ್ಡರ್ ಭಾನುವಾರದಿಂದ ಇದಕ್ಕೆ ಉತ್ತರ ಸಿದ್ಧಮಾಡಿಕೊಂಡಿದ್ದ. ಅವನ ಪ್ರಕಾರ ಅಕ್ಕನದು ಮಕ್ಕಳಾಟದ ತಪ್ಪು. ಹನ್ನೆರಡು ವರ್ಷದ ಹುಡುಗಿಗೆ ಅರ್ಧಂಬರ್ಧ ಭಾಷೆ ಬರುತ್ತಿತ್ತು, ಯಾರು ಒಳ್ಳೆಯವನು ಯಾರು ಕೆಟ್ಟವನು ಎಂಬುದನ್ನು ತಲೆಕೆಳಗು ಓದಿಕೊಂಡಿದ್ದಳು. ಅದನ್ನು ಕ್ಷಮಿಸಿಬಿಡುವುದೆಂದೂ ತೀರ್ಮಾನಿಸಿದ್ದ. ಹಾಗೆಯೇ ಹೇಳಿದ, ದೊಡ್ಡ ಮನಸ್ಸು ಮಾಡಿ.

ಅಕ್ಕ ತಲೆಯಾಡಿಸಿದಳು. “ಆ ಭಾಷೆ ನನಗೆ ಒಂದಕ್ಷರಾನೂ ಬರ್ತಿರಲಿಲ್ಲ. ಚಿತ್ರ ನೋಡೋಕೆ ಭಾಷೆ ಯಾಕೆ ಬೇಕು? ಯಾರು ಏನು ಅಂತ ಮೊದಲ ದಿನಾನೇ ಗೊತ್ತಿತ್ತು ನನಗೆ.”

“ಗೊತ್ತಿತ್ತಾ?”

“ಎಲ್ಲದರ ಕೊನೇಲೂ ಜನ ಆ ಬಿಳಿ ಬಟ್ಟೆಯೋನನ್ನ ಹೆಗಲ ಮೇಲೆ ಎತ್ಕೊಂಡು ಕುಣೀತಿದ್ರು. ಅದಕ್ಕೇ ಕೊನೆ ಹಾಳೆ ಹರಿದು ಒಲೆಗೆ ಹಾಕ್ತಿದ್ದೆ. ಒಂಬತ್ತರದ್ದೂ ನಾನೇ ಹಾಕಿದ್ದು.”

ಸಿನಿಮಾದಲ್ಲಿ ಆದದ್ದು ಏನೂ ಅಲ್ಲ ಎನ್ನಿಸುವಂಥ ಏಟು ಇದು. ವೆಲ್ಡರ್ ಎದ್ದುನಿಂತ, ಮತ್ತೆ ಕೂತ, ಮತ್ತೆ ಎದ್ದ. ಆಮೇಲೆ ಅವನ ಬಾಯಿಗೆ ಲಗಾಮಿರಲಿಲ್ಲ. ನಲವತ್ತು ವರ್ಷ ಕಿವಿಗೆ ಹೂವಿಟ್ಟೆಯಲ್ಲ ಎಂದ. ನಾನು ಮಗಳಿಗೆ ಆ ಕಥೆ ಹೇಳಿ ಬೆಳೆಸಿದೆ, ಬೋರ್ಡು ಬರೆಸಿದೆ, ಊರಿನವರ ಮುಂದೆ ಎದೆಯುಬ್ಬಿಸಿ ತಿರುಗಿದೆ. ಮಕ್ಕಳನ್ನು ಸುಡುವ ಕೊಲೆಗಡುಕನ ಹೆಸರಲ್ಲಿ! ಅವನು ಸತ್ತಾಗ ಎದ್ದು ಕುಣಿದವರ ನಡುವೆ ನಾನೊಬ್ಬನೇ ಕಣ್ಣೀರು ಹಾಕಿಕೊಂಡು ಕೂತಿದ್ದೆ, ಮಂಗನ ಹಾಗೆ. ನಮ್ಮಂಥ ಮುಖ ಇರುವವನನ್ನು ಜಗತ್ತು ಏನೆಂದು ತಿಳಿದಿದೆ ಅಂತ ಆರು ವರ್ಷಕ್ಕೇ ಹೇಳಿಬಿಟ್ಟಿದ್ದರೆ ಆಗಲೇ ಅತ್ತು ಮುಗಿಸಿರುತ್ತಿದ್ದೆ. ಆ ಸೇತುವೆ? ಅದಾದರೂ ಇತ್ತಾ?

ಇರಲಿಲ್ಲ ಎಂದಳು ಅಕ್ಕ. ಏಳನೆಯ ಪುಸ್ತಕದಲ್ಲಿ ಕೆಂಡಣ್ಣ ಸೇತುವೆಗೆ ಬೆಂಕಿ ಇಟ್ಟು ಓಡಿಹೋಗುತ್ತಿದ್ದ, ಆ ಮುದುಕಿಯ ಬೆಕ್ಕನ್ನು ಕದ್ದುಕೊಂಡು.

ಇನ್ನೊಂದು ಸಂದರ್ಭದಲ್ಲಾದರೆ ಇಬ್ಬರೂ ಬಿದ್ದು ಬಿದ್ದು ನಗುತ್ತಿದ್ದರು. ಅಕ್ಕನ ಊಟದ ಬಿಡುವು ಮುಗಿಯುತ್ತ ಬಂದಿತ್ತು. ಅವಳು ಎದ್ದು ಬಸ್ ನಿಲ್ದಾಣದ ಕಡೆ ಹೊರಟಳು. ಎಷ್ಟೇ ಸಿಟ್ಟಿದ್ದರೂ ಅಕ್ಕನನ್ನು ಒಬ್ಬಳೇ ಕಳಿಸಿದವನಲ್ಲ, ವೆಲ್ಡರ್ ಎರಡು ಹೆಜ್ಜೆ ಹಿಂದೆ, ಕರವಸ್ತ್ರ ಬಿಗಿಮಾಡಿಕೊಂಡು ನಡೆದ. ನಿಲ್ದಾಣ ತುಂಬಿತ್ತು. ಕಾಲೇಜು ಬಿಟ್ಟ ಹೊತ್ತು, ಬುಟ್ಟಿಗಳು, ಮಕ್ಕಳು, ಚಿಲ್ಲರೆಗೆ ಜಗಳವಾಡುತ್ತಿದ್ದ ಕಂಡಕ್ಟರು. ಅಕ್ಕ ಕಂಬಕ್ಕೆ ಒರಗಿ ನಿಂತಳು.

“ಮೊದಲು ಒಳ್ಳೆಯೋನನ್ನೇ ಹುಡುಕಿದೆ ಕಣೋ,” ಎಂದಳು.

ಅವನಿಗೆ ಅರ್ಥವಾಗಲಿಲ್ಲ.

“ನೀನು ಆ ಬಟ್ಟೆ ಸುತ್ಕೊಂಡು ಕೂತಿರ್ತಿದ್ದೆ. ನಿನ್ನ ಥರ ಮುಖದೋನು ಪುಸ್ತಕದಲ್ಲಿ ಇದಾನೆ, ತುಂಬ ಒಳ್ಳೆಯೋನು, ನಾಳೆ ತೋರಿಸ್ತೀನಿ ಅಂತ ಬಾಯಿಗೆ ಬಂದಿದ್ದು ಹೇಳಿಬಿಟ್ಟೆ. ಆಮೇಲೆ ಹುಡುಕೋಕೆ ಕೂತೆ. ಶಾಲೆ ಬಿಟ್ಟು ಬಂದು ದಿನಾ ಹುಡುಕ್ತಿದ್ದೆ. ಮೂರು ಮೂಟೆ. ಚಿತ್ರ ಇರೋದು ಒಂದೂ ಬಿಡಲಿಲ್ಲ. ಸುಟ್ಟ ಮುಖದೋರು ಬೇಕಾದಷ್ಟು ಜನ ಸಿಕ್ಕಿದ್ರು. ಎಲ್ಲರ ಕೈಲೂ ಕತ್ತಿನೋ ಬೆಂಕಿನೋ ಹಗ್ಗಾನೋ. ಒಳ್ಳೆಯೋನು ಒಬ್ಬನೂ ಸಿಗಲಿಲ್ಲ ಪುಟ್ಟ. ಒಬ್ಬನೂ. ನೀನು ದಿನಾ ಕೇಳ್ತಿದ್ದೆ, ಸಿಕ್ಕಿದನಾ ಅಂತ. ಕೊನೆಗೆ ಆ ಕೆಟ್ಟೋರಲ್ಲೇ ನೋಡೋಕೆ ಸ್ವಲ್ಪ ವಾಸಿ ಅನ್ನಿಸಿದೋನನ್ನ ಆರಿಸ್ಕೊಂಡೆ.”

ಬಸ್ಸೊಂದು ಬಂತು, ಅವಳದಲ್ಲ. ಜನ ಹತ್ತಿದರು, ಇಳಿದರು. ಎರಡು ಜಡೆಯ ಒಂದು ಹುಡುಗಿ ರದ್ದಿಯ ನಡುವೆ ಚಕ್ಕಂಬಕ್ಕಳ ಹಾಕಿ ಕೂತು, ಒಂದೊಂದೇ ಪುಸ್ತಕ ತಿರುವಿ, ತಮ್ಮನಂಥವನು ಎಲ್ಲಾದರೂ ಮನುಷ್ಯನಾಗಿ ಇದ್ದಾನೆಯೇ ಎಂದು ನೋಡುತ್ತಿದ್ದುದು ವೆಲ್ಡರನ ಕಣ್ಣಿಗೆ ಕಟ್ಟಿತು. ಭಾನುವಾರ ಅವನ ಮೇಲೆ ಬಿದ್ದ ಸಿಡಿಲು ಅವಳ ಮೇಲೆ ಹನ್ನೆರಡನೆಯ ವಯಸ್ಸಿಗೇ ಬಿದ್ದಿತ್ತು. ಅಂದು ಅವಳ ಪಕ್ಕದಲ್ಲಿ ಯಾರೂ ಇರಲಿಲ್ಲ. ಅಳುವುದಕ್ಕೂ ಹೋಗದೆ ಕಥೆ ಕಟ್ಟಲು ಕೂತಿದ್ದಳು.

“ನನಗೆ ಹೇಳಬಾರದಾಗಿತ್ತಾ ಅಕ್ಕ?”

“ಏನಂತ ಹೇಳಲಿ?” ಎಂದಳು. ಅಷ್ಟು ಹೇಳುವಷ್ಟರಲ್ಲಿ ಅವಳ ಮುಖ ಸೊಟ್ಟಗಾಯಿತು. ಅವಳು ಅಳುವುದನ್ನು ಅವನು ನೋಡಿದ್ದೇ ಇಲ್ಲ. ಸೆರಗು ಹಿಡಿಯಲು ಕೈ ಖಾಲಿಯಿರಲಿಲ್ಲ, ಒಂದು ಕೈಯಲ್ಲಿ ಡಬ್ಬಿಯ ಚೀಲ, ಇನ್ನೊಂದು ಕಂಬದ ಮೇಲೆ, ಕಣ್ಣೀರು ಗಲ್ಲದಿಂದ ಇಳಿದು ಅಂಗಡಿಯವರ, ಹುಡುಗರ, ಕಂಡಕ್ಟರನ ಎದುರಿಗೇ ತೊಟ್ಟಿಕ್ಕಿತು.

ವೆಲ್ಡರ್ ಕತ್ತಿನ ಹಿಂದೆ ಕೈ ಹಾಕಿ ಗಂಟು ಬಿಚ್ಚಿದ, ಕರವಸ್ತ್ರವನ್ನು ಕೊಡವಿ ಮಡಚಿ ಅವಳ ಕೈಗೆ ಕೊಟ್ಟ. ಅವಳು ಕಣ್ಣು ಒರೆಸಿಕೊಂಡಳು, ಮೂಗೂ ಒರೆಸಿಕೊಂಡಳು. ನಿಂತ ಬಸ್ಸಿನ ಕಿಟಕಿಗಳಿಂದ ಜನ ಅವನನ್ನು ನೋಡಿದರು, ಒಂದು ಮಗು ಪಕ್ಕದವರಿಗೂ ತೋರಿಸಿತು. ಅವಳ ಬಸ್ಸು ಬರಲು ಇನ್ನೂ ಇಪ್ಪತ್ತು ನಿಮಿಷವಿತ್ತು. ಅವನು ಅಕ್ಕನ ಡಬ್ಬಿಯ ಚೀಲವನ್ನು ತಾನು ಹಿಡಿದುಕೊಂಡು ಅಷ್ಟು ಹೊತ್ತೂ ಅಲ್ಲೇ ನಿಂತಿದ್ದ.